ಸಮುದ್ರಕ್ಕೆಂದು ಕೊಟ್ಟ ರೂಪಾಯಿ

ಅರಿಶಿನದ ಬಟ್ಟೆಯಲ್ಲಿ ಗಂಟು ಹಾಕಿ
ಅವ್ವ ಕೊಟ್ಟಿದ್ದು ಒಂದು ರೂಪಾಯಿ.
"ಕಂಡ ಕೂಡಲೇ ಹಾಕು. ಬರಿಗೈಲಿ ಎದುರು ನಿಲ್ಲಬೇಡ."
ಅವ್ವ ಅಂದರೆ ಅಪ್ಪನ ತಾಯಿ,
ಗಡಿಯಾಚೆ ಪಲಮನೇರಿನ ಕಡೆ ಹುಟ್ಟಿ
ಈಚೆ ನಂಗಲಿಗೆ ಸೊಸೆಯಾಗಿ ನಡೆದು ಬಂದವಳು.
ಎಂಬತ್ತಾರು ವರ್ಷಕ್ಕೆ ಅವಳು ಕಂಡ ದೊಡ್ಡ ನೀರು
ಕೋಡಿ ಬಿದ್ದ ವರ್ಷದ ನಂಗಲಿ ಕೆರೆ.

ನಾನು ಮುಳಬಾಗಿಲ ಕಾಲೇಜಿನಲ್ಲಿ ಲೆಕ್ಕದ ಮೇಡಂ.
ಮೂರು ವಾರದ ಕಮ್ಮಟಕ್ಕೆ ತ್ರಿಯೆಸ್ತೆಯಿಂದ ಪತ್ರ ಬಂತು.
ಪ್ರಿನ್ಸಿಪಾಲರು ಗೋಡೆಯ ನಕಾಶೆಗೆ ಮೂಗು ತಾಗಿಸಿ ಹುಡುಕಿದರು:
ಇಟಲಿಯ ಬೂಟಿನ ಮೇಲಂಚಿನಿಂದ
ಕಟ್ಟದೆ ಬಿಟ್ಟ ಲೇಸಿನ ಹಾಗೆ
ಇನ್ನೊಂದು ದೇಶದೊಳಕ್ಕೆ ಜೋತುಬಿದ್ದಿತ್ತು ಊರು.

ಅಲ್ಲೊಂದು ಚೌಕ.
ಮೂರು ಕಡೆ ಅರಮನೆಯಂಥ ಕಚೇರಿಗಳು,
ಕಿಟಕಿಗೊಂದು ಕಲ್ಲಿನ ಮುಖ.
ನಾಲ್ಕನೆಯ ಕಡೆ ಏನೂ ಇಲ್ಲ,
ಕಟ್ಟುವವರು ಊಟಕ್ಕೆ ಹೋದವರು ವಾಪಸು ಬಂದಿಲ್ಲ,
ಸಮುದ್ರ ಬಂದು ಕೂತಿದೆ.

ನಾನಿದ್ದ ಮನೆಯೊಡತಿ ಮಿಲೆನಾ.
ಅವಳಜ್ಜಿ ಒಂದೇ ಮನೆಯಲ್ಲಿ ಕೂತು
ಐದು ಬಾವುಟ ಕಂಡಳಂತೆ. ಬಾಣಲೆ ಅದೇ.
ಅಡುಗೆಮನೆಗೊಂದು ಭಾಷೆ, ಅಂಚೆಯವನಿಗೊಂದು.
ಒಂದು ಕಾಲಕ್ಕೆ ಒಳಗಿನ ಭಾಷೆ ಬೀದಿಗಿಳಿದರೆ ದಂಡ;
ಹೆಸರಿನ ಬಾಲವನ್ನೇ ಕತ್ತರಿಸಿ ಬೇರೆ ಬಾಲ ಹೊಲಿದರಂತೆ.
ಹೇಳುತ್ತ ಹೇಳುತ್ತ ಅವಳು ಬಟಾಣಿ ಬಿಡಿಸುತ್ತಿದ್ದಳು,
ನಾನೂ ಒಂದು ಹಿಡಿ ತೆಗೆದುಕೊಂಡು ಬಿಡಿಸಿದೆ.
ನಮ್ಮಲ್ಲಿ ಅಷ್ಟಿಲ್ಲ, ಅಂದೆ.
ಜಗಳ ತೆಲುಗಿನಲ್ಲಿ, ಅರ್ಜಿ ಕನ್ನಡದಲ್ಲಿ,
ಟೊಮೆಟೊ ಲಾರಿಯ ಚೌಕಾಸಿ ತಮಿಳಿನಲ್ಲಿ.
ನಾಲ್ಕನೇ ಕ್ಲಾಸಿನಲ್ಲಿ ಮಗ್ಗಿ ಹೇಳುವಾಗ
ಬಾಯಿತಪ್ಪಿ "ಎನಿಮಿದಿ" ಅಂದಿದ್ದೆ.
ನಕ್ಕರು, ಅಷ್ಟೇ.
ಇವತ್ತಿಗೂ ಬೋರ್ಡಿನ ಮುಂದೆ ಕನ್ನಡದಲ್ಲಿ ಕೂಡಿಸುವಾಗ
ತುಟಿಯೊಳಗೆ ಬೇರೊಬ್ಬಳು ಎಣಿಸುತ್ತಿರುತ್ತಾಳೆ;
ಅದನ್ನು ಮಿಲೆನಾಗೆ ಹೇಳಲಿಲ್ಲ.

ಎರಡನೇ ವಾರ ಗಾಳಿ ಎದ್ದಿತು.
ಬೆಟ್ಟದಿಂದಿಳಿಯುವ ಆ ಗಾಳಿಗೆ ಅಲ್ಲಿ ಬೋರಾ ಅಂತ ಹೆಸರು.
ನಕ್ಕುಬಿಟ್ಟೆ.
ನಮ್ಮ ಕಡೆ ಬೋರು ಅಂದರೆ ನೀರಿನ ಆಸೆ,
ಸಾವಿರದೈನೂರು ಅಡಿ ಇಳಿಸಿದರೆ
ಕೊಳವೆಯಿಂದ ಬರುವುದೂ ಗಾಳಿಯೇ.
ಹಿಂದೆ ಬೀದಿಗುಂಟ ಹಗ್ಗ ಕಟ್ಟುತ್ತಿದ್ದರಂತೆ,
ಗಂಡಸರು ಹೆಂಗಸರು ಪಾದ್ರಿಗಳು
ಎಲ್ಲರೂ ಒಂದೇ ಹಗ್ಗ ಹಿಡಿದು ಸಂತೆಗೆ.

ಆ ಗಾಳಿಯಲ್ಲೇ ಹೋದೆ, ಕಲ್ಲಿನ ಕಟ್ಟೆಯ ತುದಿಗೆ,
ಸಮುದ್ರದೊಳಕ್ಕೆ ಇನ್ನೂರು ಹೆಜ್ಜೆ.
ಬೆರಳು ಮರಗಟ್ಟಿತ್ತು. ಹಲ್ಲಿನಿಂದ ಗಂಟು ಬಿಚ್ಚಿದೆ.
ಬಟ್ಟೆ ಹಾರಿತು, ಹಳದಿ ಹಕ್ಕಿ,
ಹಿಡಿಯಲು ಹೋದೆ,
ಇನ್ನೊಂದು ಕೈಯಲ್ಲಿದ್ದದ್ದನ್ನು ಎಸೆದೆ.
ಬಿದ್ದ ಸದ್ದು ಕೇಳಲಿಲ್ಲ.
ಎಸೆದದ್ದು ಕಾಫಿ ಅಂಗಡಿಯ ಚಿಲ್ಲರೆ ಅಂತ
ಗೊತ್ತಾದದ್ದು ಊರಿಗೆ ಬಂದ ಮೇಲೆ,
ಕೋಟಿನ ಜೇಬು ಒಗೆಯಲು ಹೊರಳಿಸಿದಾಗ.
ಅವರ ಸಮುದ್ರಕ್ಕೆ ಅವರದೇ ದುಡ್ಡು.

"ಏಸ್ತಿವಾ?" ಅಂದಳು ಅವ್ವ, ಕಿವಿ ಇತ್ತ ತಿರುಗಿಸಿ.
"ಏಸ್ತಿ," ಅಂದೆ.
ಸುಳ್ಳನ್ನು ತೆಲುಗಿನಲ್ಲಿ ಹೇಳಿದರೆ ಅರ್ಧ ತಪ್ಪು.
"ಏನಂದಳು?"
ಸಮುದ್ರ ಏನಂದಳೆಂದು ನನ್ನನ್ನು
ಕಮ್ಮಟದಲ್ಲಿ ಯಾರೂ ಕೇಳಿರಲಿಲ್ಲ.
ಹೊರಗೆ ಚೆಕ್‌ಪೋಸ್ಟಿನಲ್ಲಿ ಲಾರಿಯೊಂದು ಉಸಿರುಬಿಟ್ಟು ನಿಂತಿತು.
ಅವ್ವ ಕಾಯುತ್ತಿದ್ದಳು. ನಾನು ಕಾಫಿಗೆ ಎದ್ದೆ.

ಈಗ ರೂಪಾಯಿ ಚಾಕ್‌ಪೀಸಿನ ಡಬ್ಬಿಯಲ್ಲಿದೆ,
ಪ್ರತಿ ಬಾರಿ ಎತ್ತಿಕೊಂಡಾಗಲೂ
ತಳದಲ್ಲಿ ಒಮ್ಮೆ ಉರುಳುತ್ತದೆ.
ನಿನ್ನೆ ಬೋರ್ಡಿನ ಮೇಲೆ ಚೌಕ ಬರೆಯುತ್ತಿದ್ದೆ.
ಮೂರು ಗೆರೆ ಎಳೆದು ಕೈ ನಿಂತಿತು,
ಎಷ್ಟು ಹೊತ್ತೋ ಗೊತ್ತಿಲ್ಲ.
ಎರಡನೇ ಬೆಂಚಿನಿಂದ ತಬಸ್ಸುಮ್ ಕೇಳಿದಳು:
"ಮೇಡಂ, ಇನ್ನೊಂದು ಕಡೆ?"